ಸದ್ದಿನ ಜಾಡು ಹಿಡಿದ ವೈದ್ಯ: ಲೆನೆಕ್

ಹೊಸ ಚೈನು ಹಾಕಿಸಿಕೊಂಡು ಬಂದ ಬೈಕು ಸದ್ದು ಮಾಡಬಾರದು. ನಮ್ಮದು ಮಾಡಿತು.

ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ನಡೆದ ಸಂಗತಿ ಇದು. ನಮ್ಮ ಬೈಕಿನ ಹಳೆಯ ಚೈನು ಜೋಲು ಬಿದ್ದಿತ್ತು. ಹಲ್ಲುಚಕ್ರದ ಹಲ್ಲುಗಳು ಸವೆದು ಗಿಳಿಯ ಕೊಕ್ಕಿನ ಹಾಗೆ ಬಾಗಿದ್ದವು. ಚೈನು, ಎಂಜಿನ್ ಬಳಿಯ ಸಣ್ಣ ಹಲ್ಲುಚಕ್ರ, ಹಿಂದಿನ ದೊಡ್ಡ ಹಲ್ಲುಚಕ್ರ ಈ ಮೂರನ್ನೂ ಒಟ್ಟಿಗೇ ಬದಲಾಯಿಸಿದ್ದಾಯಿತು. ಚೈನ್ ಸ್ಪ್ರಾಕೆಟ್ ಸೆಟ್ ಎಂದು ಅಂಗಡಿಯಲ್ಲಿ ಕೇಳಿದರೆ ಈ ಮೂರನ್ನೂ ಒಂದೇ ಪೊಟ್ಟಣದಲ್ಲಿ ಕೊಡುತ್ತಾರೆ. ಎಲ್ಲ ಹೊಸತು. ಆದರೆ ಕೆರೆಯ ಕಡೆಗೆ ಗಾಡಿ ಓಡಿಸಿದಾಗ ಕಾಲಿನ ಹತ್ತಿರ ಟಕ್ ಎಂದಿತು. ಸ್ವಲ್ಪ ದೂರ ಸುಮ್ಮನಿತ್ತು. ಮತ್ತೆ ಟಕ್. ವೇಗ ಹೆಚ್ಚಿದರೆ ಟಕ್, ಟಕ್, ಟಕ್. ರಿಪೇರಿಗೆ ಮುಂಚೆ ಇಲ್ಲದ ಸದ್ದು ರಿಪೇರಿಯಾದ ಮೇಲೆ ಬಂದಿತ್ತು!

ಊರಿನಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದಾರೆ. 1961ರಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳ ಕಾಲದವರು. ಆ ಬೈಕುಗಳ ಸದ್ದು ಕೇಳಿಯೇ ಬರುತ್ತಿರುವುದು ಯಾರ ಗಾಡಿ ಎಂದು ಹೇಳುವವರು ಆಗ ಪ್ರತಿ ಊರಿನಲ್ಲೂ ಇದ್ದರು. ಇವರು ನಮ್ಮ ಬೈಕನ್ನು ನೋಡಿ ಕೂಡಲೇ ಸ್ಪ್ಯಾನರ್ ಎತ್ತಿಕೊಳ್ಳಲಿಲ್ಲ. ಗಾಡಿಯನ್ನು ನಿಲ್ಲಿಸಿಕೊಂಡೇ ಎಂಜಿನ್ ಚಾಲೂ ಮಾಡಿದರು. ಉದ್ದನೆಯ ಸ್ಕ್ರೂ ಡ್ರೈವರ್ ಒಂದರ ತುದಿಯನ್ನು ಎಂಜಿನ್ನಿನ ಮೈಗೆ ಒತ್ತಿ, ಅದರ ಹಿಡಿಯನ್ನು ಕಿವಿಯ ಪಕ್ಕದ ಎಲುಬಿಗೆ ಆನಿಸಿಕೊಂಡು ಕಣ್ಣು ಮುಚ್ಚಿದರು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಸ್ಕ್ರೂ ಡ್ರೈವರನ್ನು ಸರಿಸುತ್ತಾ ಕೇಳಿದರು. ಎಂಜಿನ್ನಿನಲ್ಲಿ ಏನೂ ಇಲ್ಲ ಎಂದು ತಲೆ ಅಲ್ಲಾಡಿಸಿದರು.

ಇದನ್ನು ನೀವೂ ಎಲ್ಲೋ ನೋಡಿದ ಹಾಗಿದೆಯಲ್ಲವೇ? ಹೌದು, ಆರೋಗ್ಯ ಕೇಂದ್ರದ ಡಾಕ್ಟರು ನಿಮ್ಮ ಎದೆಯ ಮೇಲೆ, ಬೆನ್ನಿನ ಮೇಲೆ ಸ್ಟೆತಸ್ಕೋಪ್ ಇಟ್ಟು ಅಲ್ಲಿಂದ ಇಲ್ಲಿಗೆ ಸರಿಸುತ್ತಾರಲ್ಲ, ಅದೇ ಕೆಲಸ ಇದು. ಮುಚ್ಚಿದ ಪೆಟ್ಟಿಗೆಯೊಳಗೆ ಏನಾಗಿದೆ ಎಂಬುದನ್ನು ಅದನ್ನು ತೆರೆಯದೆ, ಬರೀ ಸದ್ದಿನಿಂದ ತಿಳಿಯುವ ಈ ವಿದ್ಯೆಯನ್ನು ಒಂದು ಶಾಸ್ತ್ರವನ್ನಾಗಿ ಮಾಡಿದವನು ಫ್ರಾನ್ಸ್ ದೇಶದ ರೆನೆ ಲೆನೆಕ್ ಎಂಬ ವೈದ್ಯ. ಬೈಕನ್ನು ಸ್ವಲ್ಪ ಹೊತ್ತು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಆತನ ಕಥೆ ಕೇಳೋಣ.

ಚೌಕದ ಎದುರಿನ ಮನೆ

ಲೆನೆಕ್ ಹುಟ್ಟಿದ್ದು 1781ರ ಫೆಬ್ರವರಿ 17ರಂದು, ಬ್ರಿಟನಿ ಎಂಬ ಪ್ರಾಂತದ ಕೆಂಪೇರ್ ಪಟ್ಟಣದಲ್ಲಿ. ಬ್ರಿಟನಿ ಎಂದರೆ ಬ್ರಿಟನ್ ಅಲ್ಲ, ಸಮುದ್ರದೊಳಕ್ಕೆ ಮೂಗು ಚಾಚಿದಂತಿರುವ ಫ್ರಾನ್ಸಿನ ಪಶ್ಚಿಮದ ತುದಿ. ತಂದೆ ವಕೀಲ. ಕೈಗೆ ಬಂದ ಹಣ ನಿಲ್ಲುತ್ತಿರಲಿಲ್ಲ. ಹುಡುಗನಿಗೆ ಐದು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಮಕ್ಕಳನ್ನು ಸಾಕುವುದು ತಂದೆಯಿಂದ ಆಗಲಿಲ್ಲ. ಅಲ್ಲಿ ಇಲ್ಲಿ ಇದ್ದು ಕೊನೆಗೆ 1788ರಲ್ಲಿ ಹುಡುಗ ನಾಂತ್ ನಗರದಲ್ಲಿದ್ದ ಚಿಕ್ಕಪ್ಪನ ಮನೆ ಸೇರಿದ. ಚಿಕ್ಕಪ್ಪ ವೈದ್ಯ. ಲೆನೆಕ್‌ನ ಪುಣ್ಯ ಅದು.

ಮರುವರ್ಷವೇ ಫ್ರಾನ್ಸಿನ ಮಹಾಕ್ರಾಂತಿ ಶುರುವಾಯಿತು. 1793ರ ಹೊತ್ತಿಗೆ ನಾಂತ್ ನಗರದಲ್ಲಿ ರಕ್ತ ಹರಿಯುತ್ತಿತ್ತು. ಚಿಕ್ಕಪ್ಪನ ಮನೆಯ ಎದುರಿನ ಚೌಕದಲ್ಲೇ ಗಿಲೊಟಿನ್, ಅಂದರೆ ತಲೆ ಕತ್ತರಿಸುವ ಯಂತ್ರ ನಿಂತಿತ್ತು. ಹನ್ನೆರಡು ವರ್ಷದ ಹುಡುಗ ಕಿಟಕಿಯಿಂದ ಏನೇನು ನೋಡಿರಬೇಕೋ! ಎರಡು ವರ್ಷದ ನಂತರ, ಹದಿನಾಲ್ಕನೆಯ ವಯಸ್ಸಿನಲ್ಲಿ, ಆತ ಅದೇ ಊರಿನ ಆಸ್ಪತ್ರೆಯಲ್ಲಿ ಗಾಯಾಳುಗಳ ಪಟ್ಟಿ ಕಟ್ಟುವ ಕೆಲಸಕ್ಕೆ ನಿಂತ.

ಈ ನಡುವೆ ಆತ ಕಲಿತ ಎರಡು ಸಂಗತಿಗಳನ್ನು ನೆನಪಿಟ್ಟುಕೊಳ್ಳಿ. ಒಂದು, ಕೊಳಲು ನುಡಿಸುವುದು. ಇನ್ನೊಂದು, ಕಡೆತದ ಯಂತ್ರದಲ್ಲಿ ಮರವನ್ನು ತಿರುಗಿಸಿ ಕಡೆದು ನಯವಾದ ವಸ್ತುಗಳನ್ನು ಮಾಡುವುದು. ಚನ್ನಪಟ್ಟಣದ ಗೊಂಬೆ ಮಾಡುವವರು ಮಾಡುತ್ತಾರಲ್ಲ, ಆ ಕೆಲಸ. ವೈದ್ಯನಾಗುವವನಿಗೆ ಇವೆರಡೂ ಏತಕ್ಕೆ ಎಂದು ಆಗ ಯಾರಾದರೂ ಕೇಳಿದ್ದರೆ ಆತನಿಗೂ ಉತ್ತರ ಗೊತ್ತಿರಲಿಲ್ಲ.

1801ರಲ್ಲಿ ಲೆನೆಕ್ ಪ್ಯಾರಿಸ್ಸಿಗೆ ಹೋದ. ಕುಳ್ಳು, ತೀರ ತೆಳ್ಳಗಿನ ಆಳು. ಕೈಯಲ್ಲಿ ಹಣವಿಲ್ಲ, ತಂದೆಗೆ ಬರೆದ ಕಾಗದಗಳಿಗೆ ಹಣ ಬರುತ್ತಿದ್ದುದೂ ಅಪರೂಪ. ಆದರೆ ಎರಡೇ ವರ್ಷದಲ್ಲಿ ವೈದ್ಯಕೀಯಕ್ಕೂ ಶಸ್ತ್ರಚಿಕಿತ್ಸೆಗೂ ಮೊದಲ ಬಹುಮಾನಗಳು ಆತನಿಗೇ ಬಂದವು.

ತಟ್ಟಿ ಕೇಳುವುದು

ಪ್ಯಾರಿಸ್ಸಿನಲ್ಲಿ ಆತನ ಗುರು ಕಾರ್ವಿಸಾರ್. ನೆಪೋಲಿಯನ್ ಚಕ್ರವರ್ತಿಯ ವೈದ್ಯ ಈತ. ರೋಗಿಯ ಎದೆಯನ್ನು ಬೆರಳುಗಳಿಂದ ತಟ್ಟಿ, ಬರುವ ಸದ್ದಿನಿಂದ ಒಳಗೆ ಏನಿದೆ ಎಂದು ಊಹಿಸುವ ವಿಧಾನವನ್ನು ಕಾರ್ವಿಸಾರ್ ತನ್ನ ಶಿಷ್ಯರಿಗೆ ಕಲಿಸುತ್ತಿದ್ದ. ಅದು ಕಾರ್ವಿಸಾರ್ ಕಂಡುಹಿಡಿದದ್ದಲ್ಲ. 1761ರಲ್ಲಿ ಔಎನ್‌ಬ್ರುಗರ್ ಎಂಬ ಆಸ್ಟ್ರಿಯಾದ ವೈದ್ಯ ಅದನ್ನು ಬರೆದಿಟ್ಟಿದ್ದ. ಔಎನ್‌ಬ್ರುಗರ್‌ನ ತಂದೆ ಛತ್ರ ನಡೆಸುತ್ತಿದ್ದವನು. ಮರದ ಪೀಪಾಯಿಯಲ್ಲಿ ದ್ರಾಕ್ಷಾರಸ ಎಷ್ಟರ ಮಟ್ಟಕ್ಕಿದೆ ಎಂಬುದನ್ನು ಮುಚ್ಚಳ ತೆಗೆಯದೆ, ಹೊರಗಿನಿಂದ ತಟ್ಟಿಯೇ ತಿಳಿಯಬಹುದು. ಖಾಲಿ ಇರುವ ಕಡೆ ಡಬ್ ಎಂದು ಟೊಳ್ಳು ಸದ್ದು, ತುಂಬಿರುವ ಕಡೆ ಮಂದವಾದ ಸದ್ದು. ಎದೆಯೂ ಒಂದು ಪೀಪಾಯಿಯೇ. ಗಾಳಿ ತುಂಬಿದ ಶ್ವಾಸಕೋಶದ ಮೇಲೆ ತಟ್ಟಿದರೆ ಒಂದು ಸದ್ದು, ನೀರು ತುಂಬಿಕೊಂಡಿದ್ದರೆ ಇನ್ನೊಂದು.

ಇದನ್ನು ನಮ್ಮ ಕಡೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೆಂಗಿನಕಾಯಿಗಳನ್ನು ಕೊಬ್ಬರಿಗೆಂದು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟಿರುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿತೇ ಎಂದು ನೋಡಲು ನಿಮ್ಮ ಅಜ್ಜ ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಗಡಗಡ ಎಂದರೆ ಉಂಡೆ ಕೊಬ್ಬರಿ ಸಿದ್ಧ. ಗುಳಗುಳ ಎಂದರೆ ಇನ್ನೂ ನೀರಿದೆ, ಮತ್ತೆ ಅಟ್ಟಕ್ಕೆ. ಅಂಗಡಿಯಲ್ಲಿ ಮಡಕೆ ಕೊಳ್ಳುವಾಗ ನಿಮ್ಮ ತಾಯಿ ಬೆರಳಿನಿಂದ ತಟ್ಟುವುದೂ ಬಿರುಕನ್ನು ಹುಡುಕಲು.

ಆದರೆ ತಟ್ಟುವುದರಿಂದ ಎಲ್ಲವೂ ತಿಳಿಯುವುದಿಲ್ಲ. ಎದೆಯೇನು ಮಡಕೆಯಂತೆ ಸುಮ್ಮನೆ ಕೂತಿರುವ ವಸ್ತುವೇ? ಬೈಕಿನ ಹಾಗೆ ಅದು ಸದಾ ಓಡುತ್ತಿರುವ ಯಂತ್ರ. ತಾನೇ ಸದ್ದು ಮಾಡುತ್ತದೆ. ಆ ಸದ್ದನ್ನು ಕೇಳಬೇಕು. ರೋಗಿಯ ಎದೆಗೆ ನೇರವಾಗಿ ಕಿವಿ ಇಟ್ಟು ಕೇಳುವ ರೂಢಿ ಗ್ರೀಕರ ಕಾಲದಿಂದಲೂ ಇತ್ತು. ಬೆವರು, ಕೊಳೆ, ಹೇನು, ಸಂಕೋಚ ಇವೆಲ್ಲ ಅಡ್ಡ ಬರುತ್ತಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ಸರಿಯಾಗಿ ಕೇಳಿಸುತ್ತಲೂ ಇರಲಿಲ್ಲ.

ಒಂದು ದಸ್ತು ಕಾಗದ

1816ರಲ್ಲಿ ಲೆನೆಕ್‌ಗೆ ಪ್ಯಾರಿಸ್ಸಿನ ನೆಕೇರ್ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೆ ಎಳೆಯ ವಯಸ್ಸಿನ ಒಬ್ಬ ಹೆಂಗಸು ಬಂದಳು. ಹೃದಯದ ಕಾಯಿಲೆಯ ಲಕ್ಷಣಗಳಿದ್ದವು. ಮೈ ದಪ್ಪವಾಗಿದ್ದುದರಿಂದ ತಟ್ಟಿ ನೋಡಿದರೂ ಏನೂ ಗೊತ್ತಾಗಲಿಲ್ಲ. ಎದೆಗೆ ಕಿವಿ ಇಡೋಣವೆಂದರೆ ಆಕೆ ಯುವತಿ, ಅದು ಸಭ್ಯತೆಯಲ್ಲ. ಆಗ ಲೆನೆಕ್‌ಗೆ ಒಂದು ವಿಷಯ ನೆನಪಾಯಿತು. ಉದ್ದನೆಯ ಮರದ ತೊಲೆಯ ಒಂದು ತುದಿಗೆ ಕಿವಿ ಇಟ್ಟರೆ, ಇನ್ನೊಂದು ತುದಿಯಲ್ಲಿ ಗುಂಡುಸೂಜಿಯಿಂದ ಕೆರೆದದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ಆಸ್ಪತ್ರೆಗೆ ಬರುವ ದಾರಿಯಲ್ಲಿ ಅರಮನೆಯ ಅಂಗಳದಲ್ಲಿ ಮಕ್ಕಳು ಹಾಗೆ ಆಡುತ್ತಿದ್ದುದನ್ನು ಆತ ನೋಡಿದ್ದ ಎಂದು ಕಥೆ ಹೇಳುವವರಿದ್ದಾರೆ. ಚೆಂದದ ಕಥೆ. ಆದರೆ ಆತ ತನ್ನ ಪುಸ್ತಕದಲ್ಲಿ ಬರೆದಿರುವುದು ತೊಲೆ ಮತ್ತು ಗುಂಡುಸೂಜಿಯ ವಿಷಯ ಮಾತ್ರ.

ಪಕ್ಕದಲ್ಲಿ ಒಂದು ದಸ್ತು ಕಾಗದವಿತ್ತು. ಅದನ್ನು ಬಿಗಿಯಾಗಿ ಸುರುಳಿ ಸುತ್ತಿ, ಒಂದು ತುದಿಯನ್ನು ಆಕೆಯ ಹೃದಯದ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿ ಕೊಟ್ಟ. ಎದೆಗೆ ನೇರವಾಗಿ ಕಿವಿ ಇಟ್ಟಾಗ ಎಂದೂ ಕೇಳಿಸದಷ್ಟು ಸ್ಪಷ್ಟವಾಗಿ ಹೃದಯದ ಬಡಿತ ಕೇಳಿಸಿತು!

ನೀವೂ ಮಾಡಿ ನೋಡಿ. ಬರೆದು ಮುಗಿದ ನೋಟುಪುಸ್ತಕವನ್ನು ಸುರುಳಿ ಸುತ್ತಿ ದಾರದಿಂದ ಕಟ್ಟಿ. ನಡುವೆ ನಿಮ್ಮ ಕಿರುಬೆರಳು ತೂರುವಷ್ಟು ರಂಧ್ರವಿರಲಿ. ಗೆಳೆಯನೋ ಗೆಳತಿಯೋ ಕುಣಿದು ದಣಿದು ಬಂದಾಗ ಎದೆಯ ಎಡಭಾಗದಲ್ಲಿಟ್ಟು ಕೇಳಿ. ಆಮೇಲೆ ತರಗತಿಯ ಉದ್ದನೆಯ ಬೆಂಚಿನ ಒಂದು ತುದಿಗೆ ಕಿವಿ ಇಡಿ, ಇನ್ನೊಂದು ತುದಿಯನ್ನು ಯಾರಾದರೂ ಉಗುರಿನಿಂದ ಮೆಲ್ಲಗೆ ಕೆರೆಯಲಿ. ತಲೆ ಎತ್ತಿದರೆ ಕೇಳಿಸದ ಸದ್ದು ಕಿವಿ ತಾಗಿಸಿದರೆ ಕೇಳಿಸುತ್ತದೆ.

ಏಕೆ ಹೀಗೆ? ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ಉಕ್ಕಿನಲ್ಲಿ 5000 ಮೀಟರಿಗೂ ಹೆಚ್ಚು. ಆದರೆ ಇಲ್ಲಿ ವೇಗ ಅಷ್ಟು ಮುಖ್ಯವಲ್ಲ. ಬಯಲಿನಲ್ಲಿ ಸದ್ದು ಎಲ್ಲ ಕಡೆಗೂ ಚದುರಿಹೋಗುತ್ತದೆ, ನಿಮ್ಮ ಕಿವಿಗೆ ಬರುವುದು ಅದರ ಚೂರು ಮಾತ್ರ. ಕೊಳವೆಯೊಳಗಿನ ಗಾಳಿಯಲ್ಲಾಗಲಿ ಸ್ಕ್ರೂ ಡ್ರೈವರಿನ ಕಂಬಿಯಲ್ಲಾಗಲಿ ಅದಕ್ಕೆ ಚದುರಲು ಜಾಗವಿಲ್ಲ. ತೂಬಿನಿಂದ ಹೊರಟ ಕೆರೆಯ ನೀರು ಗದ್ದೆಗೆಲ್ಲ ಹರಡದೆ ಕಾಲುವೆಯಲ್ಲೇ ಹೋದ ಹಾಗೆ ನೇರವಾಗಿ ಕಿವಿಗೆ ಬರುತ್ತದೆ. ಇನ್ನೊಂದು ಲಾಭವೂ ಇದೆ. ಕೊಳವೆಯ ತುದಿ ಎಲ್ಲಿ ತಾಗಿದೆಯೋ ಅಲ್ಲಿನ ಸದ್ದು ಜೋರು, ಪಕ್ಕದ್ದು ಮೆಲು. ಆದ್ದರಿಂದ ಸದ್ದು ಎಲ್ಲಿಂದ ಬರುತ್ತಿದೆ ಎಂಬುದೂ ತಿಳಿಯುತ್ತದೆ.

ಈಗ ಆ ಕೊಳಲು ಮತ್ತು ಕಡೆತದ ಯಂತ್ರ ನೆನಪಿವೆಯೇ? ಕಾಗದದ ಸುರುಳಿ ಬೇಗ ಹಾಳಾಗುತ್ತಿತ್ತು. ಲೆನೆಕ್ ಗಾಜು, ಲೋಹ, ಬಗೆಬಗೆಯ ಮರ ಎಲ್ಲವನ್ನೂ ಪರೀಕ್ಷಿಸಿ ನೋಡಿದ. ತೀರ ಗಟ್ಟಿಯಾದದ್ದೂ ಬೇಡ, ತೀರ ಮೆದುವಾದದ್ದೂ ಬೇಡ, ಹಗುರವಾದ ಮರವೇ ಸರಿ ಎಂದು ಕಂಡುಕೊಂಡ. ಸುಮಾರು ಒಂದು ಅಡಿ ಉದ್ದದ, ನಡುವೆ ರಂಧ್ರವಿರುವ ಮರದ ಉರುಳೆಯನ್ನು ತಾನೇ ಕಡೆದು ಮಾಡಿದ. ಜೇಬಿಗೆ ಹಿಡಿಸಲೆಂದು ಅದನ್ನು ಎರಡು ತುಂಡುಗಳಲ್ಲಿ ಮಾಡಿ ತಿರುಪಿನಿಂದ ಜೋಡಿಸುವಂತೆ ಮಾಡಿದ. ನೋಡಲು ರಂಧ್ರಗಳಿಲ್ಲದ ಕೊಳಲಿನಂತಿತ್ತು. ಮೊದಮೊದಲು ಆತ ಅದನ್ನು ಬರೀ ಉರುಳೆ ಎಂದೇ ಕರೆಯುತ್ತಿದ್ದ. ಸ್ಟೆತಸ್ಕೋಪ್ ಎಂಬ ಹೆಸರು ಆಮೇಲೆ ಬಂತು. ಗ್ರೀಕ್ ಭಾಷೆಯಲ್ಲಿ ಸ್ಟೆತೊಸ್ ಎಂದರೆ ಎದೆ, ಸ್ಕೋಪ್ ಎಂದರೆ ನೋಡುವುದು. ಕಿವಿಯಿಂದ ಕೇಳುವ ಉಪಕರಣಕ್ಕೆ ನೋಡುವುದೆಂಬ ಹೆಸರು!

ಸದ್ದಿಗೆ ಹೆಸರಿಡುವುದು

ಕೊಳವೆ ಮಾಡಿದ್ದು ಸುಲಭದ ಭಾಗ. ಅದರಲ್ಲಿ ಕೇಳಿಸಿದ್ದೇನು? ಒಂದು ಎದೆಯಲ್ಲಿ ಒಂದು ಬಗೆಯ ಸದ್ದು, ಇನ್ನೊಂದರಲ್ಲಿ ಇನ್ನೊಂದು ಬಗೆ. ಅವುಗಳಿಗೆ ಹೆಸರೇ ಇರಲಿಲ್ಲ. ಹೆಸರಿಲ್ಲದ ಸದ್ದನ್ನು ನೆನಪಿಡುವುದು ಹೇಗೆ, ಇನ್ನೊಬ್ಬರಿಗೆ ಹೇಳುವುದು ಹೇಗೆ?

ಕನ್ನಡದವರಾದ ನಾವು ಈ ವಿಷಯದಲ್ಲಿ ಶ್ರೀಮಂತರು. ಗಡಗಡ, ಕಟಕಟ, ಗೊರಗೊರ, ಚಟಚಟ, ಕಿರ್, ಸುಂಯ್ ಎಂದರೆ ಸಾಕು, ಕೇಳಿದವರಿಗೆ ಅರ್ಥವಾಗುತ್ತದೆ. ಬೈಕು ಕಟಕಟ ಎನ್ನುತ್ತಿದೆ ಎನ್ನುವುದಕ್ಕೂ ಗೊರ್ ಎನ್ನುತ್ತಿದೆ ಎನ್ನುವುದಕ್ಕೂ ಮೆಕ್ಯಾನಿಕ್ಕಿಗೆ ಎಷ್ಟೋ ವ್ಯತ್ಯಾಸವಿದೆ. ಚಕ್ರದ ಬೇರಿಂಗ್ ಸವೆದಿದ್ದರೆ ಗೊರ್ ಎಂದು ಬಿಡದೆ ಬರುತ್ತದೆ. ಸಡಿಲವಾದ ಚೈನು ಅದರ ಕವರಿಗೆ ಬಡಿಯುತ್ತಿದ್ದರೆ ಚಟಪಟ ಎನ್ನುತ್ತದೆ. ಚೈನನ್ನು ಅತಿ ಬಿಗಿ ಮಾಡಿದ್ದರೆ ಕೊಂಯ್ ಎಂದು ಕೊರಗುತ್ತದೆ.

ಲೆನೆಕ್ ಮಾಡಿದ್ದೂ ಇದನ್ನೇ. ನ್ಯುಮೋನಿಯಾ ಶುರುವಾದ ಎದೆಯಲ್ಲಿ, ಬಾಣಲೆಯಲ್ಲಿ ಉಪ್ಪು ಹುರಿದರೆ ಬರುವಂಥ ಚಟಚಟ ಸದ್ದು. ಇನ್ನೊಂದು ಬಗೆ, ಚಿಕ್ಕ ಹಕ್ಕಿಗಳ ಚಿಲಿಪಿಲಿಯಂಥದು. ಮತ್ತೊಂದು, ಪಾರಿವಾಳದ ಜಾತಿಯ ಬೆಳವನ ಹಕ್ಕಿಯ ಗುಟುರಿನಂಥದು. ಶ್ವಾಸಕೋಶದ ಸುತ್ತ ನೀರು ತುಂಬಿದ್ದ ರೋಗಿಯನ್ನು ಮಾತನಾಡಿಸಿ, ಕೊಳವೆಯಲ್ಲಿ ಕೇಳಿದರೆ ಆತನ ಮಾತು ಆಡಿನ ಅರಚಾಟದಂತೆ ನಡುಗುತ್ತಿತ್ತು. ಲೆನೆಕ್ ಅದಕ್ಕೆ ಗ್ರೀಕ್ ಭಾಷೆಯಲ್ಲಿ ಆಡಿನ ದನಿ ಎಂಬ ಅರ್ಥದ ಹೆಸರನ್ನೇ ಇಟ್ಟ. ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳು ಆ ಹೆಸರನ್ನು ಕಲಿಯುತ್ತಾರೆ.

ಹೆಸರಿಡುವಾಗ ಒಂದು ತೊಡಕೂ ಬಂತು. ಎದೆಯ ಗೊರಗೊರ ಸದ್ದಿಗೆ ಆತ ಬಳಸಿದ ಫ್ರೆಂಚ್ ಪದವನ್ನು ಜನ ಸಾಯುವವರ ಗಂಟಲಿನ ಗೊರಗೊರಕ್ಕೆ ಬಳಸುತ್ತಿದ್ದರು. ಹಾಸಿಗೆಯ ಬಳಿ ನಿಂತು ವೈದ್ಯ ಆ ಮಾತು ಆಡಿದರೆ ರೋಗಿಯ ಜೀವವೇ ಬಾಯಿಗೆ ಬರುತ್ತಿತ್ತು. ಆದ್ದರಿಂದ ರೋಗಿಯ ಎದುರಿಗೆ ಅದಕ್ಕೆ ಬದಲಾಗಿ ಜನರಿಗೆ ತಿಳಿಯದ ಲ್ಯಾಟಿನ್ ಪದವನ್ನು ಬಳಸತೊಡಗಿದ. ಆತನ ಬಗ್ಗೆ ಓದಿದ್ದರಲ್ಲೆಲ್ಲ ನನಗೆ ಹೆಚ್ಚು ಇಷ್ಟವಾದ ಸಂಗತಿ ಇದು.

ತೆರೆದು ನೋಡುವುದು

ಈಗ ಬೈಕಿನ ಬಳಿ ಹೋಗೋಣ. ಎಂಜಿನ್ ನಿರಪರಾಧಿ ಎಂದು ತಿಳಿಯಿತಲ್ಲ. ಮೆಕ್ಯಾನಿಕ್ ಎಂಜಿನ್ ಆರಿಸಿ, ಗಾಡಿಯನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದರು. ಹಿಂದಿನ ಟೈರಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು. ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾ, ಪಕ್ಕದಲ್ಲಿ ನಿಂತಿದ್ದ ಮಗುವಿಗೆ ಸುತ್ತು ಎಣಿಸಲು ಹೇಳಿದರು. ಚಕ್ರ ಐದು ಸುತ್ತು ಸುತ್ತುವಷ್ಟರಲ್ಲಿ ಟಕ್ ಎಂದದ್ದು ಎರಡೇ ಸಲ. ಮತ್ತೆ ಐದು ಸುತ್ತು, ಮತ್ತೆ ಎರಡು ಸಲ.

ಇನ್ನು ಸ್ವಲ್ಪ ಲೆಕ್ಕ. ದೋಷ ಚಕ್ರದಲ್ಲೋ ಹಿಂದಿನ ಹಲ್ಲುಚಕ್ರದಲ್ಲೋ ಇದ್ದರೆ ಸುತ್ತಿಗೆ ಒಂದು ಸಲ ಸದ್ದಾಗಬೇಕು, ಐದು ಸುತ್ತಿಗೆ ಐದು. ಮುಂದಿನ ಸಣ್ಣ ಹಲ್ಲುಚಕ್ರಕ್ಕೆ ಇದ್ದದ್ದು 14 ಹಲ್ಲು, ಹಿಂದಿನದಕ್ಕೆ 44. ಹಿಂದಿನದು ಒಂದು ಸುತ್ತು ಬರುವಷ್ಟರಲ್ಲಿ ಮುಂದಿನದು ಮೂರು ಸುತ್ತಿಗೂ ತುಸು ಹೆಚ್ಚೇ ತಿರುಗುತ್ತದೆ. ದೋಷ ಅಲ್ಲಿದ್ದರೆ ಐದು ಸುತ್ತಿಗೆ ಹದಿನೈದಕ್ಕೂ ಹೆಚ್ಚು ಸಲ ಸದ್ದಾಗಬೇಕು. ಉಳಿದದ್ದು ಚೈನು. ಅದರಲ್ಲಿ 110 ಕೊಂಡಿಗಳಿದ್ದವು. ಚಕ್ರ ಒಂದು ಸುತ್ತು ಬಂದರೆ 44 ಕೊಂಡಿ ಸಾಗುತ್ತವೆ. ಇಡೀ ಚೈನು ಒಂದು ಸಲ ಸುತ್ತಿ ಬರಲು ಚಕ್ರ ಎರಡೂವರೆ ಸುತ್ತು ಸುತ್ತಬೇಕು. ಐದು ಸುತ್ತಿಗೆ ಎರಡು ಸಲ! ಅಂದರೆ 110 ಕೊಂಡಿಗಳಲ್ಲಿ ಎಲ್ಲೋ ಒಂದು ಕಡೆ, ಒಂದೇ ಕಡೆ, ಏನೋ ಆಗಿದೆ.

ಇಷ್ಟಾದ ಮೇಲೆಯೇ ಅವರು ಚೈನಿನ ಕವರನ್ನು ಬಿಚ್ಚಿದ್ದು. ಹೊಸ ಚೈನಿನ ಎರಡು ತುದಿಗಳನ್ನು ಸೇರಿಸುವ ಲಾಕ್ ಕೊಂಡಿಯನ್ನು ಹುಡುಕಿ, ಅದನ್ನು ಬೆರಳಲ್ಲಿ ಮಡಿಸಿ ನೋಡಿದರು. ಬೇರೆ ಕೊಂಡಿಗಳೆಲ್ಲ ಸಲೀಸಾಗಿ ಮಡಿಸುತ್ತಿದ್ದವು, ಇದು ಮಾತ್ರ ಬಿಗಿದುಕೊಂಡಿತ್ತು. ಜೋಡಿಸುವಾಗ ಅದರ ಪಕ್ಕದ ತಗಡನ್ನು ಬೇಕಾದದ್ದಕ್ಕಿಂತ ಹೆಚ್ಚು ಬಡಿದು ಕೂರಿಸಿದ್ದರು. ಸಣ್ಣ ಹಲ್ಲುಚಕ್ರವನ್ನು ಬಳಸಿ ಬರುವಾಗ ಪ್ರತಿ ಕೊಂಡಿಯೂ ಮಡಿಸಿ ಮತ್ತೆ ನೆಟ್ಟಗಾಗಬೇಕು. ಈ ಕೊಂಡಿ ಮಡಿಸಿದ ಹಾಗೆಯೇ ಉಳಿದು, ಆಮೇಲೆ ಥಟ್ಟನೆ ನೆಟ್ಟಗಾಗುತ್ತಿತ್ತು. ಅದೇ ಟಕ್. ತಗಡನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ, ಲಾಕಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರುವಂತೆ ಹಾಕಿ, ಎಣ್ಣೆ ಬಿಟ್ಟರು. ಚಕ್ರ ತಿರುಗಿಸಿದರೆ ಸದ್ದಿಲ್ಲ. (ಎಂಜಿನ್ ಓಡುತ್ತಿರುವಾಗ ಚೈನಿನ ಹತ್ತಿರ ಬೆರಳನ್ನೂ ಬಟ್ಟೆಯನ್ನೂ ಒಯ್ಯಬೇಡಿ. ಕೈಯಿಂದ ಚಕ್ರ ತಿರುಗಿಸುವ ಕೆಲಸವೂ ದೊಡ್ಡವರದು. ಎಣಿಸುವುದು ನಿಮ್ಮದು.)

ಕೇಳಿದ್ದು, ಎಣಿಸಿದ್ದು, ಊಹಿಸಿದ್ದು, ಕೊನೆಗೆ ತೆರೆದು ನೋಡಿದ್ದು. ತೆರೆದು ನೋಡದಿದ್ದರೆ ಊಹೆ ಬರೀ ಊಹೆಯಾಗಿಯೇ ಉಳಿಯುತ್ತಿತ್ತು. ಲೆನೆಕ್‌ಗೂ ತೆರೆದು ನೋಡಲೇಬೇಕಿತ್ತು. ಆದರೆ ಬದುಕಿರುವವರ ಎದೆಯನ್ನು ತೆರೆಯುವುದು ಹೇಗೆ? ಅರಿವಳಿಕೆ ಔಷಧಿಗಳೇ ಇಲ್ಲದ ಕಾಲ ಅದು. ಆತನಿಗಿದ್ದುದು ಒಂದೇ ದಾರಿ. ಪ್ರತಿ ರೋಗಿಯ ಎದೆಯಲ್ಲಿ ಏನು ಕೇಳಿಸಿತು, ಎಲ್ಲಿ ಕೇಳಿಸಿತು, ಒಳಗೆ ಏನಾಗಿರಬಹುದು ಎಂದು ಬರೆದಿಡುವುದು. ಆ ರೋಗಿ ಸತ್ತರೆ ಶವವನ್ನು ತೆರೆದು, ತಾನು ಬರೆದದ್ದಕ್ಕೂ ಒಳಗಿರುವುದಕ್ಕೂ ಹೋಲಿಸಿ ನೋಡುವುದು. ನೆಕೇರ್ ಆಸ್ಪತ್ರೆಯಲ್ಲಿ ಸಾಯುವವರಿಗೆ ಕೊರತೆ ಇರಲಿಲ್ಲ, ಅದರಲ್ಲೂ ಕ್ಷಯದಿಂದ. ಮೂರು ವರ್ಷ ಆತ ಇದೇ ಕೆಲಸ ಮಾಡಿದ. ಉಪ್ಪು ಹುರಿದ ಸದ್ದಿದ್ದವರ ಶ್ವಾಸಕೋಶ ಹೀಗಿತ್ತು, ಆಡಿನ ದನಿಯಿದ್ದವರದು ಹೀಗಿತ್ತು ಎಂದು ಒಂದೊಂದಾಗಿ ಜೋಡಿಸಿದ. ಕ್ಷಯರೋಗಿಗಳಲ್ಲಿ ಕೆಲವರ ಮಾತು ಬಾಯಿಂದಲ್ಲ, ನೇರವಾಗಿ ಎದೆಯಿಂದಲೇ ಕೊಳವೆಯೊಳಗೆ ಬಂದಂತೆ ಕೇಳಿಸುತ್ತಿತ್ತು. ಸತ್ತ ಮೇಲೆ ನೋಡಿದರೆ ಸರಿಯಾಗಿ ಆ ಜಾಗದಲ್ಲೇ ಶ್ವಾಸಕೋಶ ಕೊರೆದು ಟೊಳ್ಳಾಗಿರುತ್ತಿತ್ತು.

ಇದೆಲ್ಲವನ್ನೂ ಆತ 1819ರಲ್ಲಿ ಎರಡು ಸಂಪುಟಗಳ ಪುಸ್ತಕವಾಗಿ ಪ್ರಕಟಿಸಿದ. ಪುಸ್ತಕ ಕೊಂಡವರು ಇನ್ನಷ್ಟು ಹಣ ಕೊಟ್ಟರೆ ಮರದ ಕೊಳವೆಯೂ ಸಿಗುತ್ತಿತ್ತು. ಕೆಲವರು ನಕ್ಕರು. ಗಂಭೀರವಾದ ವೈದ್ಯನೊಬ್ಬ ಮರದ ತುಂಡನ್ನು ಕಿವಿಗಿಟ್ಟುಕೊಂಡು ಕೂರುವುದೇ ಎಂದರು. ಕೆಲವೇ ವರ್ಷಗಳಲ್ಲಿ ಬೇರೆ ದೇಶಗಳ ವಿದ್ಯಾರ್ಥಿಗಳೂ ಪ್ಯಾರಿಸ್ಸಿಗೆ ಬಂದು ಆತನ ಹಿಂದೆ ಹಾಸಿಗೆಯಿಂದ ಹಾಸಿಗೆಗೆ ನಡೆಯತೊಡಗಿದರು. ಎರಡೂ ಕಿವಿಗೆ ಸಿಗಿಸಿಕೊಳ್ಳುವ ಈಗಿನ ಬಗೆಯ ಸ್ಟೆತಸ್ಕೋಪ್ ಬಂದದ್ದು ಬಹಳ ತಡವಾಗಿ, 1850ರ ನಂತರ.

ಎಲ್ಲವನ್ನೂ ಆತ ಸರಿಯಾಗಿಯೇ ಹೇಳಿದನೆಂದು ತಿಳಿಯಬೇಡಿ. ಹೃದಯದ ಲಬ್-ಡಬ್ ಎಂಬ ಎರಡು ಸದ್ದುಗಳಲ್ಲಿ ಎರಡನೆಯದು ಹೃದಯದ ಮೇಲಿನ ಕೋಣೆಗಳು ಕುಗ್ಗುವುದರಿಂದ ಬರುತ್ತದೆ ಎಂದು ಬರೆದ. ಅದು ತಪ್ಪು. ಹೃದಯದ ಕವಾಟಗಳು ಮುಚ್ಚಿಕೊಳ್ಳುವಾಗ ಆ ಸದ್ದುಗಳು ಬರುತ್ತವೆ ಎಂದು ಈಗ ನಮಗೆ ಗೊತ್ತು. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಕ್ಷಯ ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ ಎಂದು ಆತ ನಂಬಿದ್ದ. ಆ ಕಾಲದ ಫ್ರಾನ್ಸಿನ ಬಹುಪಾಲು ವೈದ್ಯರ ನಂಬಿಕೆಯೂ ಅದೇ. ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಖ್ ತೋರಿಸಿಕೊಟ್ಟದ್ದು 1882ರಲ್ಲಿ. ಅದಕ್ಕೆ ಅರವತ್ತು ವರ್ಷಗಳ ಮುಂಚೆ, ಮುಖಕ್ಕೆ ಬಟ್ಟೆಯನ್ನೂ ಕಟ್ಟಿಕೊಳ್ಳದೆ, ಲೆನೆಕ್ ದಿನವಿಡೀ ಕೆಮ್ಮುವವರ ನಡುವೆ ಒಂದು ಅಡಿ ದೂರದಲ್ಲಿ ಕೂರುತ್ತಿದ್ದ. ಉಳಿದ ಸಮಯವೆಲ್ಲ ಅದೇ ರೋಗದಿಂದ ಸತ್ತವರ ಶವಗಳ ಜೊತೆ.

ಪುಸ್ತಕ ಮುಗಿಯುವ ಹೊತ್ತಿಗೆ ಆತನ ಮೈ ಸೋತಿತ್ತು. ಪ್ಯಾರಿಸ್ ಬಿಟ್ಟು ಬ್ರಿಟನಿಯ ಹಳ್ಳಿಮನೆಗೆ ಹೋದ. ಹೊಲ ನೋಡಿಕೊಂಡು, ಕುದುರೆ ಸವಾರಿ ಮಾಡಿಕೊಂಡು, ಸಮುದ್ರದ ಗಾಳಿಯಲ್ಲಿ ಒಂದಷ್ಟು ಚೇತರಿಸಿಕೊಂಡ. ಅಲ್ಲೇ ಇದ್ದುಬಿಟ್ಟಿದ್ದರೆ ಇನ್ನೂ ಕೆಲವು ವರ್ಷ ಬದುಕುತ್ತಿದ್ದನೋ ಏನೋ. ಮತ್ತೆ ಪ್ಯಾರಿಸ್ಸಿಗೆ ಬಂದ. 1822ರಲ್ಲಿ ಪ್ರಾಧ್ಯಾಪಕನಾದ, 1824ರಲ್ಲಿ ಮದುವೆಯಾದ. ಪುಸ್ತಕವನ್ನು ತಿದ್ದಿ, ಬೆಳೆಸಿ, ಎರಡನೆಯ ಮುದ್ರಣಕ್ಕೆ ಸಿದ್ಧಪಡಿಸತೊಡಗಿದ. ಕೆಮ್ಮು ಹೆಚ್ಚಿತು, ಜ್ವರ ಬರತೊಡಗಿತು, ಮೊದಲೇ ತೆಳ್ಳಗಿದ್ದ ಮೈ ಇನ್ನೂ ಇಳಿಯಿತು.

ಲೆನೆಕ್ ಮನೆತನದಲ್ಲಿ ಮೆರಿಯಾದೆಕ್ ಎಂಬ ಕಿರಿಯ ವೈದ್ಯನೊಬ್ಬನಿದ್ದ. ಕೊಳವೆಯಲ್ಲಿ ಕೇಳುವುದನ್ನು ಆತನಿಗೆ ಕಲಿಸಿದ್ದು ಲೆನೆಕ್. 1826ರಲ್ಲಿ ಒಂದು ದಿನ ಲೆನೆಕ್ ತನ್ನ ಎದೆಯನ್ನು ಪರೀಕ್ಷಿಸಿ, ಕೇಳಿಸಿದ್ದನ್ನು ಇದ್ದ ಹಾಗೆಯೇ ಹೇಳಬೇಕೆಂದು ಮೆರಿಯಾದೆಕ್‌ಗೆ ಹೇಳಿದ. ಆತ ಕೊಳವೆ ಇಟ್ಟು ಕೇಳಿದ. ಕೇಳಿಸಿದ್ದನ್ನು ಹೇಳಿದ. ಆ ಸದ್ದು ಯಾವುದು, ಅದರ ಅರ್ಥವೇನು ಎಂಬುದನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದವನು ಅಲ್ಲಿ ಮಲಗಿದ್ದ ರೋಗಿಯೇ. ಎಷ್ಟೋ ಜನರ ಎದೆಯಲ್ಲಿ ಆತ ಅದನ್ನು ಕೇಳಿ, ಹೆಸರಿಟ್ಟು, ತೆರೆದು ನೋಡಿ ಬರೆದಿದ್ದ. ಬೈಕಿನ ಕೊಂಡಿಯ ಹಾಗೆ ಅದನ್ನು ಸರಿಪಡಿಸುವ ವಿದ್ಯೆ ಮಾತ್ರ ಆಗ ಯಾರಲ್ಲೂ ಇರಲಿಲ್ಲ. ಕ್ಷಯವನ್ನು ಗುಣಪಡಿಸುವ ಔಷಧಿಗಳು ಬಂದದ್ದು 1940ರ ದಶಕದಲ್ಲಿ.

ಲೆನೆಕ್ ಮತ್ತೆ ಬ್ರಿಟನಿಯ ಮನೆಗೆ ಹೊರಟ. 1826ರ ಆಗಸ್ಟ್ 13ರಂದು ಅಲ್ಲಿಯೇ ತೀರಿಕೊಂಡ. ಆಗ ಆತನಿಗೆ 45 ವರ್ಷ. ಉಯಿಲಿನಲ್ಲಿ ಮೆರಿಯಾದೆಕ್‌ಗೆ ತನ್ನ ಕಾಗದಪತ್ರ, ಗಡಿಯಾರ, ಉಂಗುರಗಳನ್ನು ಬಿಟ್ಟಿದ್ದ. ಅವುಗಳ ಜೊತೆಗೆ ತನ್ನ ಮರದ ಕೊಳವೆಯನ್ನೂ ಸೇರಿಸಿ, ತಾನು ಬಿಟ್ಟುಹೋಗುತ್ತಿರುವ ಆಸ್ತಿಯಲ್ಲಿ ಬೆಲೆಯುಳ್ಳದ್ದು ಅದೇ ಎಂದು ಬರೆದಿದ್ದ.